ಬ್ಲೂಸಿಂದ ರಾಕ್ ಅಂಡ್ ರೋಲ್‌ವರೆಗೆ: ಜೋಡಿ ಹಾಡು ಇಟ್ಕೊಂಡು ಕಲಿಯೋದು ಹೇಗೆ

ಬ್ಲೂಸ್ ಅಂದ್ರೆ ಅಮೆರಿಕದ ಕಪ್ಪು ಜನರ ಹಳೇ ಸಂಗೀತ, ರಾಕ್ ಅಂಡ್ ರೋಲ್ ಬೆಳೆದಿದ್ದು ಅದರಿಂದ. ಅದರ ಬಗ್ಗೆ ತಿಳ್ಕೋಬೇಕು ಅಂತ ಹೊರಟವರು ಸಾಮಾನ್ಯವಾಗಿ ಏನ್ ಮಾಡ್ತಾರೆ ಅಂದ್ರೆ ಇಂಟರ್ನೆಟ್ ತೆಗೆದು ಮೊದಲಿಂದ ಓದ್ತಾ ಹೋಗ್ತಾರೆ. ಗುಲಾಮಗಿರಿ, ಹತ್ತಿ ಹೊಲ, ಮಿಸಿಸಿಪಿ, ಹಾಗೇ ಹೋಗ್ತಾ ಚಾರ್ಲಿ ಪ್ಯಾಟನ್ ಅಂತ ಹೆಸರು ಸಿಗತ್ತೆ, ಸರಿ ಅಂತ ಯೂಟ್ಯೂಬಲ್ಲಿ ಹಾಕಿದ್ರೆ ಬಾಣಲೇಲಿ ಏನೋ ಕರೀತಿರೋ ಹಾಗೆ ಚರಚರ ಸದ್ದು, ಅದರ ಹಿಂದೆ ಯಾರೋ ಗೊಗ್ಗರು ದನೀಲಿ ಕೂಗ್ತಿರ್ತಾರೆ, ಒಂದಕ್ಷರ ಅರ್ಥ ಆಗಲ್ಲ, ಅಲ್ಲಿಗೆ ಬ್ಲೂಸ್ ಸಹವಾಸ ಮುಗೀತು. ಇದರಲ್ಲಿ ಕೇಳೋರ ತಪ್ಪೇನಿಲ್ಲ. ಪ್ಯಾಟನ್ 1929ರಲ್ಲಿ ಹಾಡಿದ್ದು ಪ್ಯಾರಾಮೌಂಟ್ ಅನ್ನೋ ಕಂಪನಿಗೆ, ಆ ಕಂಪನಿ ರೆಕಾರ್ಡುಗಳು ಅವತ್ತಿಗೇ ಕಳಪೆ ಅಂತ ಹೆಸರು ಮಾಡಿದ್ವು, ಈಗ ನಮಗೆ ಸಿಗೋದು ಯಾರ್ಯಾರೋ ಮನೇಲಿ ಹಾಕಿ ಹಾಕಿ ಸವೆದು ಉಳಿದಿದ್ದ ತಟ್ಟೆಗಳಿಂದ ತೆಗೆದ ಸದ್ದು.

ಹಾಗಾಗಿ ಮಧ್ಯದಿಂದ ಶುರು ಮಾಡಿ. 1948ರಿಂದ 1958, ಈ ಹತ್ತು ವರ್ಷ ಹಿಡ್ಕೊಳ್ಳಿ, ರೆಕಾರ್ಡಿಂಗ್ ಚೆನ್ನಾಗಿದೆ, ಬ್ಯಾಂಡ್ ಪೂರ್ತಿ ಕೇಳ್ಸತ್ತೆ, ಅಲ್ಲಿಂದ ಹಿಂದಕ್ಕೂ ಹೋಗ್ಬಹುದು ಮುಂದಕ್ಕೂ ಹೋಗ್ಬಹುದು. ಎಲ್ಲಕ್ಕಿಂತ ಮುಖ್ಯ, ಒಂಟಿ ಹಾಡು ಕೇಳ್ಬೇಡಿ. ಒಂದೇ ಹಾಡನ್ನ ಇಬ್ಬರು ಹಾಡಿರೋದು, ಇಲ್ಲಾ ಒಬ್ಬನೇ ಎರಡು ಕಾಲದಲ್ಲಿ ಹಾಡಿರೋದು ಹುಡುಕಿ, ಒಂದಾದ ಮೇಲೊಂದು ಕೇಳಿ. ಏನು ಬದಲಾಗಿದೆ ಅನ್ನೋದು ಕಿವಿಗೆ ಬಿತ್ತು ಅಂದ್ರೆ ಇತಿಹಾಸ ಅರ್ಧ ಗೊತ್ತಾದ ಹಾಗೆ, ಬಾಕಿ ಅರ್ಧಕ್ಕೆ ಪುಸ್ತಕ ಇದ್ದೇ ಇದೆ.

ಮೊದಲ ಜೋಡಿ ಮಡ್ಡಿ ವಾಟರ್ಸ್‌ದು. ಈತ ಮಿಸಿಸಿಪಿಯ ಸ್ಟೋವಾಲ್ ಪ್ಲಾಂಟೇಶನ್‌ನಲ್ಲಿ ಟ್ರ್ಯಾಕ್ಟರ್ ಓಡಿಸ್ಕೊಂಡಿದ್ದ. 1941ರಲ್ಲಿ ಅಲನ್ ಲೋಮ್ಯಾಕ್ಸ್ ಮತ್ತೆ ಫಿಸ್ಕ್ ಯೂನಿವರ್ಸಿಟಿಯ ಜಾನ್ ವರ್ಕ್ ಜನಪದ ಹಾಡು ಸಂಗ್ರಹ ಮಾಡೋಕೆ ಮೆಶೀನ್ ಹೊತ್ಕೊಂಡು ಅಲ್ಲಿಗೆ ಹೋಗ್ತಾರೆ, ಅವರ ಮುಂದೆ ಈತ 'ಐ ಬೀಸ್ ಟ್ರಬಲ್ಡ್' ಅಂತ ಒಂದು ಹಾಡು ಹಾಡ್ತಾನೆ, ಬರೀ ಮರದ ಗಿಟಾರು ದನಿ ಅಷ್ಟೇ. 1943ರಲ್ಲಿ ರೈಲು ಹತ್ತಿ ಶಿಕಾಗೋ ಸೇರ್ಕೋತಾನೆ. 1948ರಲ್ಲಿ ಅದೇ ಹಾಡು 'ಐ ಕಾಂಟ್ ಬಿ ಸ್ಯಾಟಿಸ್ಫೈಡ್' ಅನ್ನೋ ಹೆಸರಲ್ಲಿ ರೆಕಾರ್ಡಾಗಿ ಬರತ್ತೆ, ಈಗ ಕೈಯಲ್ಲಿರೋದು ಎಲೆಕ್ಟ್ರಿಕ್ ಗಿಟಾರು, ಜೊತೆಗೊಂದು ದೊಡ್ಡ ಬೇಸ್, ಅಂದ್ರೆ ಕೆಳಗಿನ ಸ್ವರ ಬಾರಿಸೋ ತಂತಿವಾದ್ಯ. ಎರಡನ್ನೂ ಬೆನ್ನುಬೆನ್ನಿಗೆ ಕೇಳಿ. ರಾಗ ಅದೇ, ಬೆರಳಲ್ಲಿ ಗಾಜಿನ ಇಲ್ಲಾ ಲೋಹದ ಕೊಳವೆ ಹಾಕ್ಕೊಂಡು ತಂತಿ ಮೇಲೆ ಜಾರಿಸೋ ರೀತಿನೂ ಅದೇ, ಆದ್ರೆ ಸದ್ದಿಗೆ ಒಂದು ಕಚ್ಚು ಬಂದಿದೆ. ಶಿಕಾಗೋ ಬಾರುಗಳ ಗಲಾಟೇಲಿ ಮರದ ಗಿಟಾರು ಯಾರಿಗೂ ಕೇಳ್ಸಲ್ಲ, ಕರೆಂಟು ಬೇಕೇ ಬೇಕು. 1910ರಿಂದ 1970ರ ಒಳಗೆ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣದ ರಾಜ್ಯಗಳನ್ನ ಬಿಟ್ಟು ಶಿಕಾಗೋ, ಡೆಟ್ರಾಯಿಟ್, ಲಾಸ್ ಏಂಜಲೀಸ್ ಕಡೆ ಹೋದ್ರು, ಮಿಸಿಸಿಪಿಯವರಿಗೆ ಇಲಿನಾಯ್ ಸೆಂಟ್ರಲ್ ರೈಲು ನೇರ ಶಿಕಾಗೋಗೆ. ಆ ಪ್ರಯಾಣ ಪೂರ್ತಿ ಈ ಎರಡು ಹಾಡುಗಳ ಮಧ್ಯದಲ್ಲಿದೆ.

ಮುಂದಕ್ಕೆ ಹೋಗೋ ಮುಂಚೆ ಎಣಿಸೋದು ಕಲೀಬೇಕು, ಇದನ್ನ ಬಿಟ್ರೆ ಎಲ್ಲಾ ಹಾಡೂ ಒಂದೇ ಥರ ಕೇಳ್ಸತ್ತೆ. ಬಿಗ್ ಜೋ ಟರ್ನರ್ 1954ರಲ್ಲಿ ಹಾಡಿದ 'ಶೇಕ್, ರಾಟಲ್ ಅಂಡ್ ರೋಲ್' ಹಾಕಿ, ಸ್ಪೀಡು ಹದವಾಗಿದೆ. ಒಂದು ಬಾರ್ ಅಂದ್ರೆ ನಾಲ್ಕು ಏಟು, ಹನ್ನೆರಡು ಬಾರ್ ಆದ್ರೆ ಒಂದು ಸುತ್ತು, ಆಮೇಲೆ ಮತ್ತೆ ಮೊದಲಿಂದ. ಸಂಗೀತ ಕಲ್ತವರಾದ್ರೆ ಹೀಗೆ ಅಂದ್ಕೊಳ್ಳಿ: ಮೊದಲ ನಾಲ್ಕು ಬಾರ್ ಷಡ್ಜ, ಆಮೇಲೆ ಎರಡು ಬಾರ್ ಮಧ್ಯಮ, ವಾಪಸ್ ಎರಡು ಬಾರ್ ಷಡ್ಜ, ಒಂಬತ್ತನೇ ಬಾರಲ್ಲಿ ಪಂಚಮ, ಹತ್ತರಲ್ಲಿ ಮಧ್ಯಮಕ್ಕೆ ಇಳೀತಾರೆ, ಕೆಲವರು ಪಂಚಮದಲ್ಲೇ ಇರ್ತಾರೆ, ಕೊನೇ ಎರಡು ಷಡ್ಜ. ಇದು ಹಾಡೋ ಸ್ವರ ಅಲ್ಲ, ಕೆಳಗಿನ ನೆಲ. ನಮ್ಮಲ್ಲಿ ತಂಬೂರಿ ಕಛೇರಿ ಮುಗಿಯೋವರೆಗೂ ಕದಲಲ್ಲ, ಇಲ್ಲಿ ತಂಬೂರಿಯೇ ಎದ್ದು ಮಧ್ಯಮಕ್ಕೆ ಹೋಗಿ ಕೂತ್ಕೊಂಡು ವಾಪಸ್ ಬರತ್ತೆ, ಹಾಡೋನು ಮಾತ್ರ ತನ್ನ ಪಾಡಿಗೆ ಹಾಡ್ತಾ ಇರ್ತಾನೆ. ಶುರುವಲ್ಲಿ ಬೆರಳು ಮಡಿಸ್ಕೊಂಡು ಎಣಿಸಿ, ಬೇಸ್ ಮೇಲೆ ಕಿವಿ ಇಡಿ, ಸುತ್ತಿನ ಐದನೇ ಬಾರ್‌ಗೆ ಬಂದಾಗ ಕೆಳಗೆ ಏನೋ ಸರೀತು ಅಂತ ಅನ್ಸತ್ತೆ. ಅಷ್ಟು ಅನ್ಸಿದ್ರೆ ಸಾಕು, ಆಮೇಲೆ ಬೆರಳು ಬೇಕಾಗಲ್ಲ.

ಎಲ್ಲಾ ಬ್ಲೂಸೂ ಹನ್ನೆರಡು ಬಾರ್ ಅಂತ ಮಾತ್ರ ತಿಳ್ಕೋಬೇಡಿ. ಮಡ್ಡಿ ವಾಟರ್ಸ್‌ನ 'ಹೂಚಿ ಕೂಚಿ ಮ್ಯಾನ್' ಹದಿನಾರು ಬಾರಿನ ಸುತ್ತು. ಹೌಲಿನ್ ವುಲ್ಫ್‌ನ 'ಸ್ಮೋಕ್‌ಸ್ಟ್ಯಾಕ್ ಲೈಟ್ನಿಂಗ್' ಅಂತ 1956ರದ್ದು ಒಂದಿದೆ, ಅದರಲ್ಲಿ ಕಾರ್ಡ್, ಅಂದ್ರೆ ಆ ಕೆಳಗಿನ ನೆಲ, ಬದಲಾಗೋದೇ ಇಲ್ಲ, ಶುರುವಿಂದ ಕೊನೇವರೆಗೂ ಒಂದೇ ನೆಲ, ಶ್ರುತಿ ಪೆಟ್ಟಿಗೆ ಕೇಳಿ ಬೆಳೆದ ಕಿವಿಗೆ ಇದು ಬೇಗ ಹಿಡಿಸತ್ತೆ.

ಸಾಹಿತ್ಯದ ಅಚ್ಚೂ ಸುಲಭ. ಒಂದು ಸಾಲು, ಅದೇ ಸಾಲು ಇನ್ನೊಂದ್ಸಲ, ಮೂರನೇ ಸಾಲು ಅದಕ್ಕೆ ಉತ್ತರ. ಒಂದೊಂದು ಸಾಲಿಗೂ ನಾಲ್ಕು ಬಾರ್ ಇರತ್ತೆ ಆದ್ರೆ ಹಾಡು ಎರಡೂವರೆ ಬಾರಲ್ಲೇ ಮುಗೀತು, ಉಳಿದ ಜಾಗದಲ್ಲಿ ವಾದ್ಯ ಮಾತಾಡತ್ತೆ. ಇದಕ್ಕೆ ಬೆಸ್ಸಿ ಸ್ಮಿತ್ 1925ರಲ್ಲಿ ಹಾಡಿದ 'ಸೇಂಟ್ ಲೂಯಿಸ್ ಬ್ಲೂಸ್' ಕೇಳಿ, ಅವಳು ನಿಲ್ಲಿಸಿದ ಕಡೆಯೆಲ್ಲಾ ಕಾರ್ನೆಟ್ ಅನ್ನೋ ತುತ್ತೂರಿ ಹಿಡ್ಕೊಂಡು ಉತ್ತರ ಕೊಡ್ತಿರೋನು ಲೂಯಿ ಆರ್ಮ್‌ಸ್ಟ್ರಾಂಗ್.

ಇನ್ನು ಆ ಅಳು ಬರೋ ಹಾಗಿರೋ ಸ್ವರ, ಬ್ಲೂ ನೋಟ್ ಅಂತಾರೆ. ಕೀಬೋರ್ಡಲ್ಲಿ ಹುಡುಕಿದ್ರೆ ಸಿಗಲ್ಲ, ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ಇರತ್ತೆ, ಒಂದರಿಂದ ಇನ್ನೊಂದರ ಕಡೆ ಎಳ್ದು ಪೂರ್ತಿ ತಲುಪದೆ ಬಿಡ್ತಾರೆ. ಗಿಟಾರಲ್ಲಿ ತಂತಿ ಎಳೀತಾರೆ ಇಲ್ಲಾ ಕೊಳವೆ ಜಾರಿಸ್ತಾರೆ, ಪಿಯಾನೋದವರು ಪಾಪ ಪಕ್ಕಪಕ್ಕದ ಎರಡು ಮನೆ ಒಟ್ಟಿಗೆ ಒತ್ತಿ ಸಮಾಧಾನ ಮಾಡ್ಕೋತಾರೆ. ಗಿಟಾರ್ ಕ್ಲಾಸಲ್ಲಿ ಮೊದಲು ಹೇಳ್ಕೊಡೋ ಮೈನರ್ ಪೆಂಟಟಾನಿಕ್ ಅನ್ನೋದು ಲೆಕ್ಕಕ್ಕೆ ನಮ್ಮ ಶುದ್ಧ ಧನ್ಯಾಸಿಯ ಐದು ಸ್ವರಗಳೇ. ಹಾಗಂತ ಬ್ಲೂಸನ್ನ ರಾಗ ಮಾಡೋಕೆ ಹೋಗ್ಬೇಡಿ, ಕೆಳಗೆ ನೆಲ ಸರಿಯೋ ಸಂಗೀತಕ್ಕೂ ಸರಿಯದ ಸಂಗೀತಕ್ಕೂ ಕೆಲಸವೇ ಬೇರೆ. ಆದ್ರೆ ಗಮಕ ಕೇಳಿದ ಕಿವಿ ಇದ್ರೆ ಈ ಎಳೆತ ಬೇರೆಯವರಿಗಿಂತ ಬೇಗ ಗೊತ್ತಾಗತ್ತೆ, ಅಷ್ಟು ಲಾಭ ತಗೊಳ್ಳಿ.

ಸರಿ, ಈಗ ರಾಕ್ ಅಂಡ್ ರೋಲ್ ಕಡೆಗೆ. ಒಂದು ನೋಟ್‌ಬುಕ್ ಇಟ್ಕೊಳ್ಳಿ, ಪ್ರತಿ ಜೋಡಿಗೂ ಒಂದು ಪುಟ, ಎಡಗಡೆ ಮೊದಲು ಹಾಡಿದವರು ಬಲಗಡೆ ಆಮೇಲಿನವರು. ಯಾವ್ಯಾವ ವಾದ್ಯ ಇದೆ, ಸ್ಪೀಡು ಜಾಸ್ತಿನಾ ಕಮ್ಮಿನಾ, ಸಾಹಿತ್ಯದಲ್ಲಿ ಏನು ಬಿಟ್ಟಿದಾರೆ, ಹಾಡು ಬರೆದವರು ಅಂತ ಯಾರ ಹೆಸರಿದೆ. ಈ ಕೊನೇದನ್ನ ಮರೀಬೇಡಿ, ಅದಕ್ಕೆ ಆಮೇಲೆ ಬರ್ತೀನಿ.

'ಶೇಕ್, ರಾಟಲ್ ಅಂಡ್ ರೋಲ್' ಎಣಿಸೋಕೆ ಹೇಗೂ ಕೇಳಿದೀರಿ, ಅದನ್ನೇ ಅದೇ ವರ್ಷ ಬಿಳಿ ಹಾಡುಗಾರ ಬಿಲ್ ಹೇಲಿ ಹಾಡಿರೋದು ಹಾಕಿ. ಟರ್ನರ್ ಹಾಡು ಶುರುವಾಗೋದು ಹಾಸಿಗೆಯಿಂದ ಎದ್ದೇಳು ಅಂತ, ಹೇಲಿ ಹಾಸಿಗೆ ತೆಗೆದು ಸೀದಾ ಅಡುಗೆಮನೆಗೆ ಹೋಗ್ಬಿಡ್ತಾನೆ. ಬಿಸಿಲಿಗೆ ಬಟ್ಟೆ ಪಾರದರ್ಶಕವಾಗಿ ಕಾಣತ್ತೆ ಅನ್ನೋ ಸಾಲು ಹೋಗಿ ಅಲ್ಲಿ ತಲೆ ಬಾಚ್ಕೊಂಡಿರೋದು ಎಷ್ಟು ಚೆಂದ ಅಂತ ಬಂದಿದೆ. ಬಿಳಿಯರ ರೇಡಿಯೋದಲ್ಲಿ ಬರಬೇಕಲ್ಲ, ಅದಕ್ಕೆ ತೊಳೆದು ಇಸ್ತ್ರಿ ಹಾಕಿದಾರೆ. ತಮಾಷೆ ಅಂದ್ರೆ ಮೀನಿನ ಅಂಗಡಿ ಇಣುಕಿ ನೋಡೋ ಒಕ್ಕಣ್ಣಿನ ಬೆಕ್ಕಿನ ಸಾಲು ಹಾಗೇ ಉಳ್ಕೊಂಡಿದೆ, ಹಾಡಿನಲ್ಲಿ ಎಲ್ಲಕ್ಕಿಂತ ಪೋಲಿ ಸಾಲು ಅದೇ, ಕತ್ತರಿ ಹಿಡಿದವರಿಗೆ ಅರ್ಥವೇ ಆಗಿಲ್ಲ.

ಆಮೇಲೆ ನನಗೆ ತುಂಬಾ ಇಷ್ಟದ ಜೋಡಿ. ಚಕ್ ಬೆರ್ರಿಯ 'ಜಾನಿ ಬಿ. ಗುಡ್' 1958ರದ್ದು, ಅದರ ಶುರುವಿನ ಗಿಟಾರ್ ತುಣುಕು ಎಲ್ಲರಿಗೂ ಗೊತ್ತು, ಗಿಟಾರ್ ಹಿಡಿದ ಪ್ರತಿ ಹುಡುಗನೂ ಅದನ್ನ ಬಾರಿಸೋಕೆ ನೋಡಿರ್ತಾನೆ. ಈಗ ಲೂಯಿಸ್ ಜೋರ್ಡನ್‌ನ 'ಏಂಟ್ ದಟ್ ಜಸ್ಟ್ ಲೈಕ್ ಅ ವುಮನ್' ಹಾಕಿ, 1946ರದ್ದು. ಮೊದಲ ಕೆಲವು ಸೆಕೆಂಡಲ್ಲೇ ನೀವು ಸ್ಕ್ರೀನ್ ನೋಡ್ತೀರಿ ಹಾಡು ಬದಲಾಯಿಸಿದ್ನಾ ಇಲ್ವಾ ಅಂತ. ಅದನ್ನ ಬಾರಿಸಿದ್ದು ಕಾರ್ಲ್ ಹೋಗನ್. ಇದನ್ನ ಬೆರ್ರಿ ಯಾವತ್ತೂ ಮುಚ್ಚಿಟ್ಟಿಲ್ಲ, ಹೋಗನ್ ಮತ್ತೆ ಟಿ-ಬೋನ್ ವಾಕರ್ ಇಬ್ಬರಿಂದ ಕಲ್ತಿದ್ದು ಅಂತ ತಾನೇ ಹೇಳ್ಕೊಂಡಿದಾನೆ. ಲೂಯಿಸ್ ಜೋರ್ಡನ್ ಹೆಸರು ಇವತ್ತು ಯಾರ ಬಾಯಲ್ಲೂ ಇಲ್ಲ, ನಲವತ್ತರ ದಶಕದಲ್ಲಿ ಆತ ದೊಡ್ಡ ಸ್ಟಾರು, ಜಂಪ್ ಬ್ಲೂಸ್ ಅಂತಾರಲ್ಲ, ಸ್ಯಾಕ್ಸೋಫೋನ್, ಕುಣಿತ, ನಗು, ಅದರ ಯಜಮಾನ. ಮಿಸಿಸಿಪಿ ಡೆಲ್ಟಾದ ಒಂಟಿ ಗಿಟಾರಿಂದ ಸೀದಾ ರಾಕ್‌ಗೆ ಹಾರಿದ್ರೆ ಲೆಕ್ಕ ಕೂಡಲ್ಲ, ಮಧ್ಯದಲ್ಲಿ ಜೋರ್ಡನ್ ಇರ್ಬೇಕು.

ಎಲ್ವಿಸ್‌ಗೆ ಎರಡು ಜೋಡಿ ಸಾಕು. 'ದಟ್ಸ್ ಆಲ್ ರೈಟ್' ಮೊದಲು ಹಾಡಿದ್ದು ಆರ್ಥರ್ 'ಬಿಗ್ ಬಾಯ್' ಕ್ರುಡಪ್, 1946ರಲ್ಲಿ. ಎಲ್ವಿಸ್ ಹಾಡಿದ್ದು 1954ರ ಜುಲೈನಲ್ಲಿ ಮೆಂಫಿಸ್‌ನ ಸನ್ ಸ್ಟುಡಿಯೋದಲ್ಲಿ, ಅದರಲ್ಲಿ ಡ್ರಮ್ಮೇ ಇಲ್ಲ ಅನ್ನೋದನ್ನ ಗಮನಿಸಿ, ಬಿಲ್ ಬ್ಲ್ಯಾಕ್ ಬೇಸಿನ ತಂತಿಗಳನ್ನ ಪಟಪಟ ಹೊಡೀತಿರೋದೇ ತಾಳ. ತಟ್ಟೆಯ ಇನ್ನೊಂದು ಮಗ್ಗುಲಲ್ಲಿ ಬಿಲ್ ಮನ್ರೋ ಅನ್ನೋ ಬಿಳಿ ಹಾಡುಗಾರನ ಕಂಟ್ರಿ ಹಾಡು, ಅಂದ್ರೆ ಒಂದೇ ತಟ್ಟೇಲಿ ಒಂದ್ಕಡೆ ಬ್ಲೂಸು ಇನ್ನೊಂದ್ಕಡೆ ಹಳ್ಳಿ ಬಿಳಿಯರ ಸಂಗೀತ. ಎರಡನೇದು 'ಹೌಂಡ್ ಡಾಗ್'. ಬಿಗ್ ಮಾಮಾ ಥಾರ್ನ್‌ಟನ್‌ದು 1953ರಲ್ಲಿ ಬಂತು, ಕೈಲಾಗದ ಗಂಡಸನ್ನ ಮನೆಯಿಂದ ಆಚೆ ಹಾಕ್ತಿರೋ ಹೆಂಗಸಿನ ಹಾಡು. 1956ರ ಎಲ್ವಿಸ್‌ದರಲ್ಲಿ ಅದು ನಿಜವಾದ ನಾಯಿ ಆಗೋಗಿದೆ, ಮೊಲ ಹಿಡಿಯಲ್ಲ ಅಂತ ದೂರು ಬೇರೆ. ಆತ ಆ ಸಾಹಿತ್ಯ ಎತ್ಕೊಂಡಿದ್ದು ಲಾಸ್ ವೇಗಸ್‌ನಲ್ಲಿ ಕೇಳಿದ ಫ್ರೆಡ್ಡಿ ಬೆಲ್‌ನ ಬ್ಯಾಂಡಿಂದ, ಥಾರ್ನ್‌ಟನ್‌ಳಿಂದ ನೇರ ಅಲ್ಲ. ಕದ್ದ ಅಂತ ಒಂದೇ ಮಾತಲ್ಲಿ ಹೇಳಿ ಮುಗ್ಸೋರು ಇಂಥದ್ದನ್ನ ಸ್ವಲ್ಪ ನೋಡ್ಬೇಕು.

ಲೆಡ್ ಝೆಪೆಲಿನ್ ಕೇಳಿ ಬೆಳೆದವರಿಗೆ ಇನ್ನೊಂದು, 'ವೆನ್ ದ ಲೆವೀ ಬ್ರೇಕ್ಸ್'. ಆ ಬ್ಯಾಂಡು ಹಾಡಿದ್ದು 1971, ಮೂಲ 1929ರದ್ದು, ಕಾನ್ಸಾಸ್ ಜೋ ಮೆಕಾಯ್ ಮತ್ತು ಮೆಂಫಿಸ್ ಮಿನ್ನಿ ದಂಪತಿ, 1927ರ ಮಿಸಿಸಿಪಿ ಪ್ರವಾಹದ ಹಾಡು. ಮೂಲದಲ್ಲಿ ಎರಡು ಗಿಟಾರ್ ಒಂದಕ್ಕೊಂದು ಹೆಣ್ಕೊಂಡು ಹಗುರವಾಗಿ ಓಡ್ತಾ ಇರತ್ತೆ, ಅಂಥ ಹಾಡಿಂದ ಆ ಭೀಕರ ಡ್ರಮ್ ಹೇಗೆ ಬಂತು ಅಂತ ಕೂತ್ಕೊಂಡು ಯೋಚ್ನೆ ಮಾಡಿ.

ಲಯದ ವಿಷಯ ಬೇರೆಯಾಗೇ ಹೇಳ್ಬೇಕು, ಯಾಕಂದ್ರೆ ಬ್ಲೂಸು ಎಲ್ಲಿ ರಾಕ್ ಆಯ್ತು ಅಂತ ಕೇಳಿದ್ರೆ ನನ್ನ ಪ್ರಕಾರ ಉತ್ತರ ಇಲ್ಲೇ ಇರೋದು. ಬಾಯಲ್ಲಿ ತಕಿಟ ತಕಿಟ ಅಂತ ಹೇಳಿ, ಈಗ ಮಧ್ಯದ ಕಿ ನುಂಗ್ಬಿಡಿ, ತ-ಟ ತ-ಟ, ಕುಂಟ್ಕೊಂಡು ಹೋಗೋ ನಡೆ. ಇದು ಶಫಲ್, ಹಳೇ ಬ್ಲೂಸು, ಪಿಯಾನೋದಲ್ಲಿ ಕುಣಿಸೋ ಬೂಗಿ, ಎಲ್ಲಾ ಇದರ ಮೇಲೆ. ಈಗ ತಕ ತಕ ತಕ ತಕ ಅಂತ ಸಮಸಮ ಹೇಳಿ, ರಾಕ್ ಅದು. 'ಜಾನಿ ಬಿ. ಗುಡ್' ಮತ್ತೆ ಹಾಕಿ, ಡ್ರಮ್ ಇನ್ನೂ ಹಳೇ ಕುಂಟು ನಡೇಲೇ ಇದೆ, ಬೆರ್ರಿ ಗಿಟಾರ್ ಮಾತ್ರ ತಕತಕ ಅಂತ ಸೀದಾ, ಎರಡೂ ಒಂದಕ್ಕೊಂದು ತಿಕ್ಕಾಡ್ತಿವೆ, ಆ ಹಾಡಿನ ಬಿಸಿ ಎಲ್ಲಾ ಆ ತಿಕ್ಕಾಟದಲ್ಲಿದೆ. ನ್ಯೂ ಆರ್ಲಿಯನ್ಸ್‌ನ ಡ್ರಮ್ಮರ್ ಅರ್ಲ್ ಪಾಮರ್ ಲಿಟಲ್ ರಿಚರ್ಡ್ ಜೊತೆ ಬಾರಿಸ್ತಿದ್ದಾಗ ರಿಚರ್ಡ್ ಪಿಯಾನೋದಲ್ಲಿ ಬಲಗೈಲಿ ಒಂದೇ ಸಮ ಕುಟ್ಟೋದಕ್ಕೆ ಶಫಲ್ ಹೊಂದಲ್ಲ ಅಂತ ತಾನೂ ಸಮ ಮಾಡ್ಕೊಂಡ, ಆ ಬೀಟ್ ಬಂದಿದ್ದೇ ಹಾಗೆ ಅಂತ ಆತನೇ ಹೇಳಿದಾನೆ. ಕಿವಿಗೆ ಅಭ್ಯಾಸ ಆಗೋವರೆಗೂ ಯಾವ ಹಾಡು ಹಾಕಿದ್ರೂ ಡ್ರಮ್ಮಿಗೆ ತ-ಟನಾ ತಕನಾ, ಪಿಯಾನೋಗೆ ಯಾವ್ದು, ಗಿಟಾರಿಗೆ ಯಾವ್ದು ಅಂತ ಬೇರೆಬೇರೆಯಾಗಿ ಕೇಳ್ಕೊಳ್ಳಿ.

ಮೊದಲ ರಾಕ್ ಅಂಡ್ ರೋಲ್ ಹಾಡು ಯಾವ್ದು ಅನ್ನೋ ಜಗಳಕ್ಕೆ ಕೊನೆಯಿಲ್ಲ, ಆದ್ರೆ ಅಭ್ಯಾಸಕ್ಕೆ ಒಳ್ಳೇದು. ಸಿಸ್ಟರ್ ರೊಸೆಟ್ಟಾ ಥಾರ್ಪ್ 1944ರಲ್ಲಿ ಹಾಡಿದ 'ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ', ವೈನೋನಿ ಹ್ಯಾರಿಸ್‌ನ 1948ರ 'ಗುಡ್ ರಾಕಿನ್ ಟುನೈಟ್', ಫ್ಯಾಟ್ಸ್ ಡೊಮಿನೋ 1949ರ ಡಿಸೆಂಬರಲ್ಲಿ ರೆಕಾರ್ಡ್ ಮಾಡಿದ 'ದ ಫ್ಯಾಟ್ ಮ್ಯಾನ್', 1951ರ 'ರಾಕೆಟ್ 88', 1954ರ ಬಿಲ್ ಹೇಲಿ 'ರಾಕ್ ಅರೌಂಡ್ ದ ಕ್ಲಾಕ್'. ಕೇಳೋ ಮುಂಚೆನೇ ರಾಕ್ ಅಂದ್ರೆ ನಿಮ್ಮ ಪ್ರಕಾರ ಏನಿರ್ಬೇಕು ಅಂತ ಮೂರು ಶರತ್ತು ಬರ್ಕೊಳ್ಳಿ, ಆಮೇಲೆ ಒಂದೊಂದನ್ನೇ ಪಾಸು ಫೇಲು ಮಾಡಿ. ಶರತ್ತು ಬದಲಾದ್ರೆ ಗೆಲ್ಲೋರೂ ಬದಲಾಗ್ತಾರೆ. ಗಿಟಾರಿನ ಒಡಕು ಸದ್ದು ಬೇಕು ಅಂದ್ರೆ 'ರಾಕೆಟ್ 88', ಐಕ್ ಟರ್ನರ್ ಬ್ಯಾಂಡಿನದ್ದು, ಮೆಂಫಿಸ್‌ಗೆ ಬರೋ ದಾರೀಲಿ ಆಂಪ್ಲಿಫೈಯರ್ ಹಾಳಾಗಿತ್ತು, ಕಾರಿಂದ ಬಿತ್ತು ಅಂತ ಒಂದು ಕತೆ ಮಳೇಲಿ ನೆನೀತು ಅಂತ ಇನ್ನೊಂದು, ಸ್ಟುಡಿಯೋ ಯಜಮಾನ ಸ್ಯಾಮ್ ಫಿಲಿಪ್ಸ್ ಸ್ಪೀಕರಿನೊಳಗೆ ಕಾಗದ ತುರುಕಿ ಅದೇ ಗೊರಗೊರ ಸದ್ದನ್ನ ರೆಕಾರ್ಡ್ ಮಾಡ್ಬಿಟ್ಟ. ನನ್ನ ಓಟು ವೈನೋನಿ ಹ್ಯಾರಿಸ್‌ಗೆ, ಎರಡನೇ ನಾಲ್ಕನೇ ಏಟಿಗೆ ಜನ ಚಪ್ಪಾಳೆ ತಟ್ತಿದಾರೆ ಅದರಲ್ಲಿ, ಚರ್ಚಿನ ಚಪ್ಪಾಳೆ ಕುಡಿಯೋ ಬಾರ್‌ಗೆ ಬಂದಿದೆ. ಅದನ್ನ ಬರೆದು ಒಂದು ವರ್ಷ ಮೊದಲು ಹಾಡಿದ್ದು ರಾಯ್ ಬ್ರೌನ್, ಆತನದ್ದೂ ಕೇಳಿ, ಹಾಡು ಅದೇ, ಆ ಚಪ್ಪಾಳೆಯ ಜೋರು ಇಲ್ಲ.

ಚರ್ಚು ಅಂದಮೇಲೆ ಸಿಸ್ಟರ್ ರೊಸೆಟ್ಟಾದು ಬರೀ ಕೇಳಿದ್ರೆ ಸಾಲದು, ನೋಡ್ಬೇಕು. 1964ರಲ್ಲಿ ಮ್ಯಾಂಚೆಸ್ಟರ್‌ನ ಒಂದು ಪಾಳು ರೈಲ್ವೆ ಸ್ಟೇಷನ್ನಲ್ಲಿ ಗ್ರನಾಡಾ ಟಿವಿಯವರು ಶೂಟ್ ಮಾಡಿದ್ದು ಆನ್‌ಲೈನ್ ಸಿಗತ್ತೆ. ಆ ಕಡೆ ಪ್ಲಾಟ್‌ಫಾರ್ಮಲ್ಲಿ ಜನ, ಈ ಕಡೆ ಇವಳು, ಉದ್ದ ಕೋಟು ಹಾಕ್ಕೊಂಡು ಬಿಳಿ ಎಲೆಕ್ಟ್ರಿಕ್ ಗಿಟಾರ್ ತಗ್ಲಾಕ್ಕೊಂಡು, ಅವತ್ತು ಮಳೆ ಬೇರೆ, ಹಾಡಿದ್ದೂ ಮಳೆಯ ಹಾಡೇ, 'ಡಿಡಂಟ್ ಇಟ್ ರೇನ್'. ಗಿಟಾರ್ ಸೋಲೋ ಬಾರಿಸುವಾಗ ಮುಖ ನೋಡಿ, ಆಮೇಲೆ ರಾಕ್ ಗಿಟಾರು ಗಂಡಸರದ್ದು ಅಂತ ಯಾರಾದ್ರೂ ಅಂದ್ರೆ ಲಿಂಕ್ ಕಳ್ಸಿ ಸುಮ್ನಾಗಿ.

ಈಗ ದುಡ್ಡಿನ ವಿಷಯ, ನೋಟ್‌ಬುಕ್ಕಿನ ಕೊನೇ ಕಾಲಂ. ಕಪ್ಪು ಜನರ ರೆಕಾರ್ಡುಗಳಿಗೆ ಬಿಲ್‌ಬೋರ್ಡ್ ಪತ್ರಿಕೆ 'ರೇಸ್ ರೆಕಾರ್ಡ್ಸ್' ಅಂತ ಬೇರೆ ಪಟ್ಟಿ ಇಟ್ಟಿತ್ತು, 1949ರಲ್ಲಿ ಅದನ್ನ 'ರಿದಮ್ ಅಂಡ್ ಬ್ಲೂಸ್' ಮಾಡಿದ್ರು, ಹೆಸರು ಬದಲಾಯ್ತು ಗೋಡೆ ಹಾಗೇ ಇತ್ತು. ಗೋಡೆ ಈಚೆಯ ಹಾಡು ಆಚೆ ಬಿಳಿ ಹಾಡುಗಾರ ಹಾಡಿದ್ರೆ ಪಾಪ್ ಪಟ್ಟಿಗೆ ಹೋಗತ್ತೆ. ಲಿಟಲ್ ರಿಚರ್ಡ್‌ನ 'ಟುಟ್ಟಿ ಫ್ರುಟ್ಟಿ' ಆ ಪಟ್ಟೀಲಿ 17ನೇ ಸ್ಥಾನಕ್ಕೆ ನಿಂತ್ರೆ ಪ್ಯಾಟ್ ಬೂನ್ ಹಾಡಿದ ಸಪ್ಪೆ ಕಾಪಿ 12ಕ್ಕೆ ಹೋಯ್ತು, ಎರಡನ್ನೂ ಕೇಳಿ ಸಿಟ್ಟು ಬರದಿದ್ರೆ ಹೇಳಿ. ಚಕ್ ಬೆರ್ರಿಯ ಮೊದಲ ಹಿಟ್ 'ಮೇಬೆಲೀನ್' 1955, ಹಳೇ ಕಂಟ್ರಿ ಹಾಡು 'ಐಡಾ ರೆಡ್' ಇಟ್ಕೊಂಡು ಮಾಡಿದ್ದು, ಅದರ ಲೇಖಕರ ಪಟ್ಟೀಲಿ ಡಿಸ್ಕ್ ಜಾಕಿ ಅಲನ್ ಫ್ರೀಡ್ ಹೆಸರು 1986ರವರೆಗೂ ಇತ್ತು. ಒಂದಕ್ಷರ ಬರೆದಿಲ್ಲ ಪುಣ್ಯಾತ್ಮ, ರೇಡಿಯೋದಲ್ಲಿ ಹಾಕೋಕೆ ಸಿಕ್ಕ ಪಾಲು ಅದು. ಇದೇ ಫ್ರೀಡ್ ಕ್ಲೀವ್‌ಲ್ಯಾಂಡ್ ರೇಡಿಯೋದಲ್ಲಿ ಕಪ್ಪು ಸಂಗೀತವನ್ನ ರಾತ್ರಿ ಹಾಕಿ ಹಾಕಿ ರಾಕ್ ಅಂಡ್ ರೋಲ್ ಅನ್ನೋ ಹೆಸರನ್ನ ಮನೆಮಾತು ಮಾಡಿದವನೂ ಹೌದು, ಎರಡೂ ನಿಜ, ಎರಡನ್ನೂ ಬರ್ಕೊಳ್ಳಿ.

ಇಷ್ಟಾದ ಮೇಲೆ ಹಿಂದಕ್ಕೆ ಹೋಗಿ. ಇಪ್ಪತ್ತರ ದಶಕಕ್ಕೆ ಹೋದ್ರೆ ಗಿಟಾರ್ ಗಂಡಸರಿಗಿಂತ ಮೊದಲು ಸಿಗೋದು ಹೆಂಗಸರು. ಮೇಮಿ ಸ್ಮಿತ್ 1920ರಲ್ಲಿ ಹಾಡಿದ 'ಕ್ರೇಜಿ ಬ್ಲೂಸ್' ಮಾರಾಟ ಆದಮೇಲೇ ಕಂಪನಿಗಳಿಗೆ ಕಪ್ಪು ಜನರೂ ರೆಕಾರ್ಡ್ ಕೊಳ್ತಾರೆ ಅಂತ ಬುದ್ಧಿ ಬಂದಿದ್ದು, ಆಮೇಲೆ ಮಾ ರೇನಿ, ಬೆಸ್ಸಿ ಸ್ಮಿತ್ ಬಂದ್ರು, ಗಿಟಾರ್ ಗಂಡಸರಲ್ಲಿ ಟೆಕ್ಸಾಸ್‌ನ ಬ್ಲೈಂಡ್ ಲೆಮನ್ ಜೆಫರ್ಸನ್ ಬಂದಿದ್ದು 1926ಕ್ಕೆ. ಆಲಾಪನೆ ಇಷ್ಟಪಡೋರು 1927ರ ಬ್ಲೈಂಡ್ ವಿಲ್ಲಿ ಜಾನ್ಸನ್‌ನ 'ಡಾರ್ಕ್ ವಾಸ್ ದ ನೈಟ್' ತಪ್ಪಿಸ್ಬೇಡಿ, ಮಾತೇ ಇಲ್ಲ, ಗಿಟಾರ್ ಮೇಲೆ ಕೊಳವೆ ಜಾರಿಸೋದು ಅದರ ಜೊತೆ ಗುನುಗು ಅಷ್ಟೇ. ಆತ ದೇವರ ಹಾಡುಗಳನ್ನೇ ಹಾಡ್ತಿದ್ದೋನು, ಬ್ಲೂಸ್ ಹಾಡುಗಾರ ಅಂತ ಕರೆದಿದ್ರೆ ಬೇಜಾರ್ ಮಾಡ್ಕೋತಿದ್ನೇನೋ. 1977ರಲ್ಲಿ ವಾಯೇಜರ್ ನೌಕೇಲಿ ಕಳಿಸಿದ ಚಿನ್ನದ ರೆಕಾರ್ಡಲ್ಲಿ ಈ ಹಾಡೂ ಇದೆ ಚಕ್ ಬೆರ್ರಿಯ 'ಜಾನಿ ಬಿ. ಗುಡ್' ಕೂಡ ಇದೆ, ನಮ್ಮ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯೂ ಇದೆ.

ರಾಬರ್ಟ್ ಜಾನ್ಸನ್ ಹೆಸರು ಬಂದೇ ಬರತ್ತೆ, ಜೊತೆಗೆ ನಾಲ್ಕು ದಾರಿ ಸೇರೋ ಜಾಗದಲ್ಲಿ ಸೈತಾನನಿಗೆ ಆತ್ಮ ಮಾರಿ ಗಿಟಾರ್ ಕಲ್ತ ಅನ್ನೋ ಕತೆ. ಈ ಕತೆ ಮೊದಲು ಅಂಟಿದ್ದು ಟಾಮಿ ಜಾನ್ಸನ್ ಅನ್ನೋ ಬೇರೆಯವನಿಗೆ, ರಾಬರ್ಟ್‌ಗೆ ಹೇಳ್ಕೊಟ್ಟಿದ್ದು ಐಕ್ ಝಿಮ್ಮರ್‌ಮನ್ ಅನ್ನೋ ಮನುಷ್ಯ, ಇಬ್ಬರೂ ರಾತ್ರಿ ಸ್ಮಶಾನದಲ್ಲಿ ಕೂತು ಅಭ್ಯಾಸ ಮಾಡ್ತಿದ್ರಂತೆ, ಅಲ್ಲಾದ್ರೆ ಬೈಯೋರಿಲ್ಲ. 1936 ಮತ್ತು 1937ರಲ್ಲಿ ಟೆಕ್ಸಾಸ್‌ನಲ್ಲಿ 29 ಹಾಡು ರೆಕಾರ್ಡ್ ಮಾಡಿ 1938ರಲ್ಲಿ 27ನೇ ವಯಸ್ಸಿಗೆ ತೀರ್ಕೊಂಡ, ಆ ಕಾಲಕ್ಕೆ ದೊಡ್ಡ ಹೆಸರೇನೂ ಅಲ್ಲ, 1961ರಲ್ಲಿ ಕೊಲಂಬಿಯಾ ಎಲ್‌ಪಿ ತಂದ ಮೇಲೆ ಇಂಗ್ಲೆಂಡಿನ ಹುಡುಗರು ತಲೆ ಮೇಲೆ ಹೊತ್ಕೊಂಡ್ರು. ಆತನ 'ಕ್ರಾಸ್ ರೋಡ್ ಬ್ಲೂಸ್' ಮತ್ತೆ ಕ್ರೀಮ್ ಬ್ಯಾಂಡಿನ 1968ರ 'ಕ್ರಾಸ್‌ರೋಡ್ಸ್' ಜೋಡಿ ಕೇಳಿ, ಮೂಲದ ಸಾಹಿತ್ಯದಲ್ಲಿ ಸೈತಾನನ ಸುದ್ದಿಯೇ ಇಲ್ಲ, ಕತ್ತಲಾಗ್ತಿದೆ ಯಾರೂ ಗಾಡಿ ನಿಲ್ಲಿಸ್ತಿಲ್ಲ ಅನ್ನೋ ದಿಗಿಲು. ಆ ಕಾಲದ ಮಿಸಿಸಿಪೀಲಿ ಕಪ್ಪು ಹುಡುಗನೊಬ್ಬ ಕತ್ತಲಾದ ಮೇಲೆ ರಸ್ತೇಲಿ ಒಂಟಿಯಾಗಿ ನಿಂತಿರೋದು ಅಂದ್ರೆ ಏನು ಅಂತ ಗೊತ್ತಿದ್ರೆ ಸೈತಾನ ಬೇಕಾಗಿಲ್ಲ. ಚಾರ್ಲಿ ಪ್ಯಾಟನ್‌ಗೆ ಈಗ ಬನ್ನಿ, ಹೌಲಿನ್ ವುಲ್ಫ್ ಆತನ ಹತ್ರನೇ ಗಿಟಾರ್ ಕಲ್ತಿದ್ದು, ವುಲ್ಫ್ ದನಿ ಗೊತ್ತಿರೋ ಕಿವಿಗೆ ಆ ಚರಚರದ ಹಿಂದಿನ ದನಿ ಈಗ ಪರಿಚಯದ್ದೇ ಅನ್ಸತ್ತೆ.

ಬಾರಿಸಿ ಕಲಿಯೋ ಆಸೆ ಇದ್ದು ಗಿಟಾರ್ ಇಲ್ಲ ಅಂದ್ರೆ ಮೌತ್ ಆರ್ಗನ್ ತಗೊಳ್ಳಿ, ಆದ್ರೆ ನೋಡ್ಕೊಂಡು. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕೊಡೋದು ಎರಡು ಸಾಲು ತೂತಿನ ಟ್ರೆಮೊಲೋ, ಸಿನಿಮಾ ಹಾಡಿಗೆ ಚೆನ್ನ, ಬ್ಲೂಸ್‌ಗೆ ಆಗಲ್ಲ, ಸ್ವರ ಬಗ್ಗಲ್ಲ ಅದರಲ್ಲಿ. ಹತ್ತು ತೂತಿನ ಡಯಾಟೋನಿಕ್, ಸಿ ಶ್ರುತಿದು ಅಂತ ಕೇಳಿ. ಸಿ ಮೌತ್ ಆರ್ಗನ್‌ನಲ್ಲಿ ಬ್ಲೂಸ್ ಬಾರಿಸೋದು ಜಿ ಶ್ರುತೀಲಿ, ಎರಡನೇ ತೂತಲ್ಲಿ ಉಸಿರು ಒಳಗೆಳೆದ್ರೆ ಸಿಗೋದೇ ನಿಮ್ಮ ಷಡ್ಜ. ನಾಲ್ಕನೇ ತೂತು ಎಳೀತಾ ನಾಲಿಗೆಯನ್ನ ನಿಧಾನಕ್ಕೆ ಹಿಂದಕ್ಕೆ ತಗೊಂಡು ಕೆಳಗಿಳಿಸಿದ್ರೆ ಸ್ವರ ಬಗ್ಗತ್ತೆ, ಮೊದಮೊದಲು ಬರೀ ಗಾಳಿ ಬರತ್ತೆ, ಮನೆಯವರು ಬೈತಾರೆ. ಒಂದು ಕಡೆ ಸ್ವರ ಬಗ್ಗಿದ ಮೇಲೆ ಲಿಟಲ್ ವಾಲ್ಟರ್‌ನ 1952ರ 'ಜ್ಯೂಕ್' ಹಾಕ್ಕೊಂಡು ಕೂತ್ಕೊಳ್ಳಿ, ಅದು ಹನ್ನೆರಡು ಬಾರಿನ ಸುತ್ತೇ, ಎಣಿಸೋಕೆ ಈಗ ಬರತ್ತಲ್ಲ, ಮೊದಲ ಒಂದು ಸುತ್ತು ಹಿಡಿಯೋಕೆ ನೋಡಿ.